ಆಗಸ್ಟ್ ತಿಂಗಳಲ್ಲಿ ಅಕ್ರಾ: ಮಳೆಗೆ ಹೆದರಬೇಕೇ?

ಪ್ರಶ್ನೆ

ನಮಸ್ಕಾರ. ಕಚೇರಿಯ ಕೆಲಸದ ಮೇಲೆ ಆಗಸ್ಟ್‌ನಲ್ಲಿ ಘಾನಾದ ರಾಜಧಾನಿ ಅಕ್ರಾಕ್ಕೆ ಹೋಗಬೇಕಾಗಿದೆ. ಕೆಲಸ ನಾಲ್ಕು ದಿನಗಳದ್ದು. ಅದಕ್ಕೆ ಒಂದು ವಾರ ರಜೆ ಸೇರಿಸಿ, ಪತ್ನಿಯನ್ನೂ ಕರೆದುಕೊಂಡು ಹೋಗಿ, ಊರನ್ನೂ ಕೇಪ್ ಕೋಸ್ಟ್‌ನ ಕೋಟೆಯನ್ನೂ ನೋಡಿ ಬರೋಣವೆಂಬ ಆಸೆಯಿದೆ. ಆದರೆ ಪಶ್ಚಿಮ ಆಫ್ರಿಕಾದಲ್ಲಿ ಆಗಸ್ಟ್ ಎಂದರೆ ಮಳೆಗಾಲದ ನಡುಮಧ್ಯ ಎಂದು ಓದಿದ ಮೇಲೆ ಮನಸ್ಸು ಹಿಂಜರಿಯುತ್ತಿದೆ. ರಜೆಯ ಭಾಗವನ್ನು ಡಿಸೆಂಬರ್‌ಗೆ ಮುಂದೂಡುವುದು ಲೇಸೇ? ಆ ತಿಂಗಳಲ್ಲಿ ಅಲ್ಲಿದ್ದವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ನಾನು ಮೂರು ವರ್ಷ ಅಕ್ರಾದಲ್ಲಿದ್ದವನು. ನೀವು ಓದಿದ ಮಾತು ಸಿಯೆರಾ ಲಿಯೋನ್ ದೇಶದ ರಾಜಧಾನಿ ಫ್ರೀಟೌನ್‌ಗೆ ಸಲ್ಲುತ್ತದೆ, ಅಕ್ರಾಕ್ಕೆ ಸಲ್ಲುವುದಿಲ್ಲ. ಜೂನ್‌ನಲ್ಲಿ ಅಕ್ರಾದ ಚರಂಡಿಗಳನ್ನು ಉಕ್ಕಿಸುವ ಮಳೆಯ ಪಟ್ಟಿ ಆಗಸ್ಟ್ ಹೊತ್ತಿಗೆ ಉತ್ತರಕ್ಕೆ, ಸಹಾರಾದ ದಕ್ಷಿಣ ಅಂಚಿನ ಸಹೇಲ್ ಕಡೆಗೆ ಸರಿದಿರುತ್ತದೆ. ಅದೇ ಸಮಯದಲ್ಲಿ ಗಿನಿ ಕೊಲ್ಲಿಯ ಈ ಭಾಗದಲ್ಲಿ ಕಡಲಾಳದ ತಣ್ಣೀರು ಮೇಲಕ್ಕೆ ಬರುವುದರಿಂದ, ತೀರದ ಗಾಳಿಯೂ ತಂಪಾಗಿ, ಮೋಡ ಕವಿದರೂ ಮಳೆಯಾಗಿ ಇಳಿಯುವ ಬಲ ಅದಕ್ಕೆ ಇರುವುದಿಲ್ಲ. ಹೀಗಾಗಿ ಆಗಸ್ಟ್ ಎಂಬುದು ಅಲ್ಲಿ ಎರಡು ಮಳೆಗಾಲಗಳ ನಡುವಿನ ಬಿಡುವು. ಹಗಲಿನಲ್ಲಿ 27–28 ಡಿಗ್ರಿ, ರಾತ್ರಿ 22ರ ಆಸುಪಾಸು. ವರ್ಷದಲ್ಲೇ ಅತ್ಯಂತ ತಂಪಾದ ತಿಂಗಳಿದು. ಬೆಳಗ್ಗೆ ಎದ್ದರೆ ಆಕಾಶವೆಲ್ಲ ಬೂದಿ ಬಣ್ಣ, ಒಮ್ಮೊಮ್ಮೆ ತುಂತುರು, ಅಷ್ಟೇ.

ಆ ತಣ್ಣೀರಿನ ಬೆನ್ನಿಗೆ ಮೀನೂ ಬರುತ್ತದೆ. ಜೇಮ್ಸ್‌ಟೌನ್‌ನ ದೀಪಸ್ತಂಭದ ಕೆಳಗಿನ ತೀರಕ್ಕೆ ಬೆಳಗ್ಗೆ ಹೋದರೆ, ಬಣ್ಣ ಬಳಿದ ಉದ್ದನೆಯ ದೋಣಿಗಳಿಂದ ನಮ್ಮ ಬೂತಾಯಿಯ ದಾಯಾದಿಯಾದ ಸಾರ್ಡಿನೆಲ್ಲಾ ಮೀನನ್ನು ಬೇಸಿನ್‌ಗಟ್ಟಲೆ ಇಳಿಸುವುದನ್ನು ಕಾಣಬಹುದು. ಮಂಗಳವಾರ ಮಾತ್ರ ಹೋಗಬೇಡಿ. ಅಂದು ಗಾ ಜನಾಂಗದ ಬೆಸ್ತರು ಕಡಲಿಗೆ ಇಳಿಯುವುದಿಲ್ಲ.

ಈಜುವ ಆಸೆಯಿದ್ದರೆ ಈಗಲೇ ಬಿಟ್ಟುಬಿಡಿ. ಲಬಾಡಿ ತೀರದಲ್ಲಿ ಅಲೆಗಳ ಒಳಸೆಳೆತ ಬಲವಾದದ್ದು. ಅಲ್ಲಿ ಕುಳಿತು, ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿದ, ಹುಳಿ ಬರಿಸಿದ ಹಿಟ್ಟಿನ ಉಂಡೆಯಾದ ಕೆಂಕೆಯನ್ನು ಕರಿದ ಮೀನು ಮತ್ತು ಶಿಟೊ ಖಾರದೊಂದಿಗೆ ತಿನ್ನುವುದೇ ಸುಖ.

ಎರಡನೆಯ ಉತ್ತರ

ಮೇಲಿನವರು ಹವಾಮಾನವನ್ನು ವಿವರಿಸಿದ್ದಾರೆ. ನನ್ನ ಮಟ್ಟಿಗೆ ಆಗಸ್ಟ್‌ನಲ್ಲೇ ಹೋಗಬೇಕಾದ ಕಾರಣ ಹೋಮೊವೊ ಹಬ್ಬ. ಅಕ್ರಾದ ಮೂಲನಿವಾಸಿಗಳಾದ ಗಾ ಜನರು ಹಿಂದೊಮ್ಮೆ ಕಂಡ ಬರಗಾಲವನ್ನು ನೆನೆದು ಆಚರಿಸುವ ಈ ಹಬ್ಬದ ಹೆಸರಿಗೆ ಹಸಿವನ್ನು ಗೇಲಿ ಮಾಡುವುದು ಎಂದೇ ಅರ್ಥ. ಮೇ–ಜೂನ್ ವೇಳೆಗೆ ಸುಮಾರು ಒಂದು ತಿಂಗಳು ಊರಿನಲ್ಲಿ ಡೋಲು ಬಾರಿಸುವಂತಿಲ್ಲ, ಗದ್ದಲ ಮಾಡುವಂತಿಲ್ಲ. ಆ ಮೌನ ಮುಗಿದ ಮೇಲೆ ಬರುವ ಹಬ್ಬವಾದ್ದರಿಂದ ಅದರ ಸದ್ದಿಗೆ ಮಿತಿಯೇ ಇರುವುದಿಲ್ಲ.

ಹಿಂದಿನ ದಿನ, ಶುಕ್ರವಾರ, ಅವಳಿ ಮಕ್ಕಳ ಉತ್ಸವ. ಶನಿವಾರ ಮುಖ್ಯಸ್ಥರು ಪರಿವಾರದೊಂದಿಗೆ ಬೀದಿಗಿಳಿದು, ಮೆಕ್ಕೆಜೋಳದ ಹಿಟ್ಟನ್ನು ಬೇಯಿಸಿ ತಾಳೆ ಎಣ್ಣೆ ಬೆರೆಸಿದ ಕ್ಪೊಕ್ಪೊಯ್ ಎಂಬ ಅಡುಗೆಯನ್ನು ಹಿರಿಯರಿಗಾಗಿ ನೆಲಕ್ಕೆ ಎರಚುತ್ತಾ ಸಾಗುತ್ತಾರೆ. ಹಿಂದಿನಿಂದ ಹಳೆಯ ನಾಡಬಂದೂಕುಗಳು ಢಮ್ಮೆನ್ನುತ್ತಿರುತ್ತವೆ. ನಾನು ನಿಂತಲ್ಲಿ ಹಳದಿ ಹಿಟ್ಟಿನ ಒಂದು ಹಿಡಿ ನನ್ನ ಚಪ್ಪಲಿಯ ಮೇಲೆಯೇ ಬಿದ್ದಿತು. ಒರೆಸಲು ಬಗ್ಗಿದವನನ್ನು ನೋಡಿ ಪಕ್ಕದ ಅಜ್ಜಿ ಜೋರಾಗಿ ನಕ್ಕರು. ಫೋಟೊ ತೆಗೆಯುವ ಮುನ್ನ ಕೇಳಿ. ಹಣವನ್ನಾಗಲಿ ವಸ್ತುವನ್ನಾಗಲಿ ಎಡಗೈಯಿಂದ ಕೊಡಬೇಡಿ, ಅವರಿಗೂ ಅದು ಅಗೌರವವೇ.

ಮೂರನೆಯ ಉತ್ತರ

ಹಳದಿ ಜ್ವರದ ಲಸಿಕೆಯ ವಿಷಯವನ್ನು ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಅದನ್ನು ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳಬೇಕು. ಘಾನಾ ಒಳಬಿಡಲು ಅದನ್ನು ಕೇಳುತ್ತದೆ, ಭಾರತಕ್ಕೆ ಮರಳುವಾಗ ಅದಿಲ್ಲದಿದ್ದರೆ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮಲೇರಿಯಾ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ ಶುರುಮಾಡಿ. ತಂಪಾಗಿದೆಯೆಂದು ಸೊಳ್ಳೆ ಸುಮ್ಮನಿರುವುದಿಲ್ಲ.

ಡಿಸೆಂಬರ್ ಬಗ್ಗೆ: ಬಿಸಿಲೇ ಬೇಕೆನ್ನುವವರಿಗೆ ಅದು ಒಳ್ಳೆಯದು, ಒಪ್ಪುತ್ತೇನೆ. ಆದರೆ ಆಗ ವಿದೇಶದಲ್ಲಿ ನೆಲೆಸಿದ ಘಾನಾದವರೆಲ್ಲ ಊರಿಗೆ ಬರುವುದರಿಂದ ಕೊಠಡಿ ಬಾಡಿಗೆ ಏರುತ್ತದೆ. ಸಹಾರಾದ ದೂಳನ್ನು ಹೊತ್ತ ಹರ್ಮಟಾನ್ ಗಾಳಿಯೂ ಶುರುವಾಗುತ್ತದೆ.

ಕೇಪ್ ಕೋಸ್ಟ್ ಸುಮಾರು 145 ಕಿಲೋಮೀಟರ್ ದೂರದಲ್ಲಿದೆ. ದಾರಿಯಲ್ಲಿ ಸಿಗುವ ಕಸೋವಾ ಊರಿನ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡರೆ ಬೆಳಗೆಲ್ಲ ಅಲ್ಲೇ ಕಳೆಯುತ್ತದೆ. ಆದ್ದರಿಂದ ನಸುಕಿನಲ್ಲೇ ಹೊರಡಿ, ಒಂದು ರಾತ್ರಿ ಅಲ್ಲಿ ಉಳಿಯಿರಿ. ಪೋರ್ಚುಗೀಸರು 1482ರಲ್ಲಿ ಕಟ್ಟಲಾರಂಭಿಸಿದ ಎಲ್ಮಿನಾ ಕೋಟೆಯೂ ಪಕ್ಕದಲ್ಲೇ ಇದೆ. ಗುಲಾಮರನ್ನು ಕೂಡಿಹಾಕುತ್ತಿದ್ದ ನೆಲಮಾಳಿಗೆಗಳನ್ನು ಹೊಕ್ಕು ಬಂದ ಮೇಲೆ ಅದೇ ದಿನ ಬೇರೇನನ್ನೂ ನೋಡುವ ಮನಸ್ಸು ನಮಗಂತೂ ಉಳಿಯಲಿಲ್ಲ. ಎರಡು ಕೋಟೆಗಳನ್ನು ಎರಡು ದಿನಕ್ಕೆ ಹಂಚಿಕೊಳ್ಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಆಗಸ್ಟ್‌ಗೇ ಹೊರಡುತ್ತೇವೆ. ಹೋಮೊವೊ ಯಾವ ಶನಿವಾರವೆಂದು ಮೊದಲೇ ತಿಳಿಯುವುದು ಹೇಗೆ?

ಎರಡನೆಯ ಉತ್ತರ ಬರೆದವರು

ಅಕ್ರಾದ ಗಾ ಊರುಗಳಿಗೆ ಒಂದೇ ದಿನವೆಂಬುದಿಲ್ಲ. ಓಸು, ಲಾ, ಟೆಶಿ, ನುಂಗುವಾಗಳಿಗೆ ಅವರವರದೇ ದಿನ. ಜೇಮ್ಸ್‌ಟೌನ್ ಇರುವ ಗಾ ಮಾಶಿಯಲ್ಲಿ ಸಾಮಾನ್ಯವಾಗಿ ಆಗಸ್ಟ್‌ನ ಒಂದು ಶನಿವಾರ. ಆಯಾ ವರ್ಷದ ದಿನಾಂಕಗಳು ಅಲ್ಲಿನ ಪತ್ರಿಕೆಗಳಲ್ಲಿ ಬರುತ್ತವೆ. ಅವನ್ನು ನೋಡಿಕೊಂಡೇ ಕೇಪ್ ಕೋಸ್ಟ್‌ಗೆ ಹೋಗುವ ದಿನವನ್ನು ಗೊತ್ತುಮಾಡಿಕೊಳ್ಳಿ.