ಕ್ರೀಟ್‌ನ ಎಣ್ಣೆಯೋ, ಒಕಿನಾವಾದ ಗೆಣಸೋ?

ಪ್ರಶ್ನೆ:
ನನ್ನ ತಂದೆಗೆ 63 ವರ್ಷ. ಎರಡು ತಿಂಗಳ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಅಂದಿನಿಂದ ಅವರ ಅಡುಗೆಯ ಹೊಣೆ ನನ್ನದು. ರಾತ್ರಿಯೆಲ್ಲ ಓದಿ ಗೊಂದಲಕ್ಕೆ ಬಿದ್ದಿದ್ದೇನೆ. ಗ್ರೀಸಿನ ಕ್ರೀಟ್ ದ್ವೀಪದವರು 1960ರ ಸುಮಾರಿಗೆ ಶೇ 40ರಷ್ಟು ಕ್ಯಾಲೊರಿಯನ್ನು ಕೊಬ್ಬಿನಿಂದ, ಹೆಚ್ಚಾಗಿ ಆಲಿವ್ ಎಣ್ಣೆಯಿಂದ, ಪಡೆಯುತ್ತಿದ್ದರು. ಆದರೂ ಹೃದಯಾಘಾತ ಅಲ್ಲಿ ಅಪರೂಪ. ಜಪಾನಿನ ಒಕಿನಾವಾದಲ್ಲಿ 1949ರಲ್ಲಿ ಕೊಬ್ಬು ಶೇ 6 ಮಾತ್ರ, ಮೂರರಲ್ಲಿ ಎರಡು ಪಾಲು ಕ್ಯಾಲೊರಿ ಗೆಣಸಿನದು. ಅವರೂ ದೀರ್ಘಾಯುಷಿಗಳು! ನಾನು ಯಾವುದನ್ನು ನಂಬಲಿ?

ಉತ್ತರ 1:
ನಾನು ಆಹಾರ ತಜ್ಞೆ. ಹೃದ್ರೋಗಿಗಳ ಮನೆಯವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆಯೇ ಇದು. ಕೊಬ್ಬಿನ ಅಂಕಿಯನ್ನು ಸ್ವಲ್ಪ ಬದಿಗಿಟ್ಟು ಎರಡೂ ತಟ್ಟೆಗಳನ್ನು ನೋಡಿ. ಎರಡರಲ್ಲೂ ತರಕಾರಿ, ಸೊಪ್ಪು, ಕಾಳು ತುಂಬಿವೆ. ಮಾಂಸ ಕಡಿಮೆ, ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ಅವರು ದಿನವಿಡೀ ಹೊಲದಲ್ಲಿ ದುಡಿಯುತ್ತಿದ್ದವರು ಎಂಬುದನ್ನೂ ಮರೆಯಬೇಡಿ.

ಆಲಿವ್ ಎಣ್ಣೆಗೆ ಪುರಾವೆ ಗಟ್ಟಿಯಾಗಿಯೇ ಇದೆ. ಸ್ಪೇನಿನಲ್ಲಿ ಸುಮಾರು 7,400 ಜನರ ಮೇಲೆ ನಡೆದ ಪ್ರೆಡಿಮೆಡ್ ಪ್ರಯೋಗದಲ್ಲಿ ಆಲಿವ್ ಎಣ್ಣೆ ಅಥವಾ ಬಾದಾಮಿ, ಅಕ್ರೋಟಿನಂಥ ಬೀಜಗಳಿರುವ ಆಹಾರ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವುಗಳು ಒಟ್ಟಾರೆ ಶೇ 30ರಷ್ಟು ಕಡಿಮೆಯಾದವು. ಗುಂಪುಗಳನ್ನು ವಿಂಗಡಿಸಿದ ರೀತಿಯಲ್ಲಿ ಲೋಪ ಕಂಡುಬಂದು 2018ರಲ್ಲಿ ವರದಿಯನ್ನು ಹಿಂಪಡೆದು, ತಿದ್ದಿ, ಮತ್ತೆ ಪ್ರಕಟಿಸಿದರು. ತೀರ್ಮಾನ ಹೆಚ್ಚು ಬದಲಾಗಲಿಲ್ಲ. ಆದರೆ ಈಗಿನ ಊಟದ ಮೇಲೆಯೇ ಎಣ್ಣೆ ಸುರಿದರೆ ತೂಕ ಏರುತ್ತದೆ, ಅಷ್ಟೇ. ಬೆಣ್ಣೆಯ ಜಾಗಕ್ಕೆ ಎಣ್ಣೆ ಬರಬೇಕು.

ಉತ್ತರ 2:
ಒಂದು ಎಚ್ಚರಿಕೆ ಸೇರಿಸುತ್ತೇನೆ. ಸಾಂಪ್ರದಾಯಿಕ ಎಂದ ಮಾತ್ರಕ್ಕೆ ಒಳ್ಳೆಯದೆಂದು ಭಾವಿಸಬೇಡಿ. ಅದೇ ಜಪಾನಿನ ಉತ್ತರದ ಅಕಿತಾದಲ್ಲಿ 1950ರ ದಶಕದಲ್ಲಿ ದಿನಕ್ಕೆ 25 ಗ್ರಾಂಗೂ ಹೆಚ್ಚು ಉಪ್ಪು ತಿನ್ನುತ್ತಿದ್ದರು. ಪಾರ್ಶ್ವವಾಯು ಅಲ್ಲಿ ಮನೆಮನೆಯ ಸಂಕಟವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 5 ಗ್ರಾಂಗಿಂತ ಕಡಿಮೆ. ಪೂರ್ವ ಫಿನ್‌ಲ್ಯಾಂಡಿನವರು ಬೆಣ್ಣೆ, ಕೆನೆಹಾಲಿನಲ್ಲೇ ಬೆಳೆದವರು. 1972ರಲ್ಲಿ ಅಲ್ಲಿನ ಉತ್ತರ ಕರೇಲಿಯಾ ಜಿಲ್ಲೆಯಲ್ಲಿ ಹೃದ್ರೋಗ ತಡೆಯುವ ಯೋಜನೆ ಆರಂಭವಾಗಿ, ಜನ ಬೆಣ್ಣೆ, ಉಪ್ಪು, ಹೊಗೆಸೊಪ್ಪನ್ನು ತಗ್ಗಿಸಿದರು. ನಲವತ್ತು ವರ್ಷಗಳಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು ಶೇ 80ಕ್ಕೂ ಹೆಚ್ಚು ಇಳಿಯಿತು. ಅಜ್ಜನ ಕಾಲದ ರುಚಿಯನ್ನು ಒಂದು ಇಡೀ ಜಿಲ್ಲೆ ಬದಲಿಸಿಕೊಂಡಿತಲ್ಲ, ಅದು ನನಗೆ ಯಾವ ಪಥ್ಯಕ್ಕಿಂತಲೂ ದೊಡ್ಡ ಸಂಗತಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಉಪ್ಪಿಲ್ಲದಿದ್ದರೆ ಅಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿಬಿಡುತ್ತಾರೆ. ಸೋಡಿಯಂ ಕಡಿಮೆಯಿರುವ ಉಪ್ಪನ್ನು ಕೊಡಬಹುದೇ?

ಉತ್ತರ 1:
ಮೂತ್ರಪಿಂಡದ ಪರೀಕ್ಷೆಯಾಗದೆ ಬೇಡ. ಆ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ; ಮೂತ್ರಪಿಂಡ ಅದನ್ನು ಸರಿಯಾಗಿ ಹೊರಹಾಕದಿದ್ದರೆ ರಕ್ತದಲ್ಲಿ ಹೆಚ್ಚಿ ಹೃದಯಬಡಿತಕ್ಕೇ ಅಪಾಯ. ಹೃದ್ರೋಗದ ಕೆಲವು ಮಾತ್ರೆಗಳೂ ದೇಹದಲ್ಲಿ ಪೊಟ್ಯಾಸಿಯಂ ಏರಿಸುತ್ತವೆ. ಮಾತ್ರೆಗಳ ಚೀಟಿಯನ್ನು ವೈದ್ಯರಿಗೆ ತೋರಿಸಿ ಕೇಳಿ. ಅಲ್ಲಿಯವರೆಗೆ ನಿಂಬೆರಸ, ಬೆಳ್ಳುಳ್ಳಿ, ಕಾಳುಮೆಣಸು ಹೆಚ್ಚಿಸಿ, ಉಪ್ಪನ್ನು ವಾರಕ್ಕಿಷ್ಟು ಎಂದು ನಿಧಾನವಾಗಿ ಇಳಿಸಿ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗುತ್ತದೆ.