ಪದಚರ್ಚೆ: ಹರ್ಪೆಟಾಲಜಿಗೆ ಕನ್ನಡ ಏನು? ನಾಳೆ ಬೋರ್ಡ್ ಬರೆಸಬೇಕು

ಕಲಬುರಗಿಯಿಂದ:
ಇಲ್ಲಿನ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಹರ್ಪೆಟಾಲಜಿಯ, ಅಂದರೆ ಹಾವು, ಹಲ್ಲಿ, ಆಮೆ, ಕಪ್ಪೆಗಳ ಅಧ್ಯಯನದ ಕೋಣೆಗೆ ಬೋರ್ಡು ಬೇಕಾಗಿದೆ. 4 ಅಡಿ ಅಗಲ, ಒಂದೂವರೆ ಅಡಿ ಎತ್ತರ. ಪೇಂಟರ್ ಮುಂಜಾನೆ ಬರ್ತಾನ. ಜಾಡಿಗಳಲ್ಲಿ ಹಾವು, ಹಾವುರಾಣಿ, ಆಮೆ, ಕಪ್ಪೆ ಇವೆ. ಪತ್ರಿಕೆಯವರ ‘ಉರಗಶಾಸ್ತ್ರ’ ಸಾಕಲ್ಲ?

ಬೀದರಿನಿಂದ:
ಸಾಲದು. ಉರಸ್ಸಿನ ಮೇಲೆ ಹೋಗುವುದು ಉರಗ, ಅಂದರೆ ಹಾವು. ಕಪ್ಪೆ ಯಾವಾಗ ಎದೆಯ ಮೇಲೆ ಹೋಯಿತು? ಗ್ರೀಕಿನ ಹೆರ್ಪೆಟಾನ್ ಎಂದರೆ ತೆವಳುವಂಥದ್ದು; ನಮ್ಮ ಸೃಪ್ ಧಾತು ಅದರ ದಾಯಾದಿ. ಸಪ್ತ ಅಲ್ಲಿ ಹೆಪ್ಟ ಆದಂತೆ ಸೃಪ್ ಅಲ್ಲಿ ಹೆರ್ಪ್. ‘ಸರೀಸೃಪಶಾಸ್ತ್ರ’ ಬರೆಸಿ, ಮುಗಿಸಿ.

ಯಾದಗಿರಿಯಿಂದ:
ಮತ್ತೆ ಸಂಸ್ಕೃತವೇ? ಹರಿದಾಡುವ ‘ಹರಿ’ ಇದೆಯಲ್ಲ, ಹೆರ್ಪ್ ಕೂಡ ಅದೇ ಬೇರು. ‘ತೆವಳುಗರಿಮೆ’ ಎನ್ನಿ.

ಬೀದರಿನಿಂದ:
ಹಳಗನ್ನಡದಲ್ಲಿ ಅದು ‘ಪರಿ’. ಪಾವು ಹಾವಾದಂತೆ ಪರಿ ಹರಿಯಾಯಿತು. ಆ ಹಕಾರ ನಮ್ಮ ಮನೆಯದು, ಗ್ರೀಕಿನದಲ್ಲ. ಇನ್ನು ತೆವಳುಗ + ಅರಿಮೆ (ಶಾಸ್ತ್ರ) ಸಂಧಿಯಾದರೆ ಓದುವವರಿಗೆ ಕಾಣುವುದು ‘ತೆವಳು ಗರಿಮೆ’. ತೆವಳುವುದರಲ್ಲಿ ಎಂಥ ಗರಿಮೆ?

ಕಲಬುರಗಿಯಿಂದ, ಇನ್ನೊಬ್ಬರು:
ಧಾತುವಿನ ಜಗಳ ಆಮೇಲೆ. ಬೋರ್ಡಿನಲ್ಲಿ ‘ಉಭಯವಾಸಿ’ ಬೇಕೇ ಬೇಕು. ಸ್ವೀಡನ್ನಿನ ಜೀವವಿಜ್ಞಾನಿ ಲಿನ್ನೇಯಸ್ 1758ರಲ್ಲಿ ಹಾವು, ಹಲ್ಲಿ, ಕಪ್ಪೆಯನ್ನೆಲ್ಲ ಒಂದೇ ವರ್ಗಕ್ಕೆ ತುರುಕಿ ‘ಆಂಫೀಬಿಯಾ’ ಎಂದಿದ್ದ. ಈಗ ವರ್ಗ ಬೇರೆ, ಶಾಸ್ತ್ರದ ಹೆಸರು ಮಾತ್ರ ಒಂದೇ. ಸರೀಸೃಪಕ್ಕೆ ಹುರುಪೆಯ ಚರ್ಮ. ಕಪ್ಪೆಗೆ ಬರೀ ತೇವದ ಚರ್ಮ, ಚಿಪ್ಪಿಲ್ಲದ ಮೊಟ್ಟೆ. ಸಿಸಿಲಿಯನ್‌ಗೆ ಕಾಲೇ ಇಲ್ಲ, ಎರೆಹುಳದಂತೆ ಸರಿಯುತ್ತದೆ, ಆದರೂ ಉಭಯವಾಸಿ. ಚಲನೆ ನೋಡಿ ಹೆಸರಿಡುವವರು ಎಡವುವುದು ಇಲ್ಲೇ.

ಜಾಡಿಯ ಚೀಟಿಯನ್ನೂ ಕನ್ನಡದಲ್ಲೇ ಬರೆಯುವುದಾದರೆ, ‘ಉದ್ದ’ ಎಂದಷ್ಟೇ ಬರೆದರೆ ಕೆಲಸಕ್ಕೆ ಬಾರದು. ಹಲ್ಲಿಯ ಬಾಲ ಕಳಚುತ್ತದೆ, ಮತ್ತೆ ಮೋಟಾಗಿ ಬೆಳೆಯುತ್ತದೆ. ‘ಮೂತಿ–ಗುದ ಉದ್ದ’ ಬೇರೆ, ‘ಬಾಲದ ಉದ್ದ’ ಬೇರೆ, ಎರಡೂ ಮಿಲಿಮೀಟರಿನಲ್ಲಿ. ಚೀಟಿ ಜಾಡಿಯ ಒಳಗೇ ಇರಲಿ, ಪೆನ್ಸಿಲ್ಲಿನಲ್ಲಿ. ದೇಹ ಕೆಡದಂತೆ ಇಡುವ ಶೇ. 10ರ ಫಾರ್ಮಲಿನ್ ದ್ರಾವಣದಿಂದ ತೆಗೆದು, ನೀರಲ್ಲಿ ತೊಳೆದು, ಶೇ. 70ರ ಆಲ್ಕೊಹಾಲಿಗೆ ಹಾಕಿದ ಮೇಲೆ ಬಾಲ್‌ಪೆನ್ನಿನ ಶಾಯಿ ಕರಗಿ ಹೋಗುತ್ತದೆ. ಊರು, ತಾರೀಖು ಹೋದ ಕಪ್ಪೆ ಬರೀ ಉಪ್ಪಿನಕಾಯಿ.

ಯಾದಗಿರಿಯಿಂದ:
ಉಭಯವಾಸಿಯೂ ಎರವಲೇ. ‘ನೆಲನೀರಿಗ’ ಯಾಕಾಗಬಾರದು?

ಬೀದರಿನಿಂದ:
ಜ್ವರ ಬಂದರೆ ದವಾಖಾನೆಗೆ ಹೋಗುತ್ತೀರಲ್ಲ, ಅದು ಯಾವ ಊರಿನ ಕನ್ನಡ? ಪಾರಸಿ ಬಂದರೆ ನಮ್ಮವ, ಸಂಸ್ಕೃತ ಬಂದರೆ ಪರಕೀಯ. ನಿಮ್ಮ ತಕ್ಕಡಿಗೆ ಒಂದೇ ತಟ್ಟೆ. ಶಾಲೆಯ ಪುಸ್ತಕದಲ್ಲಿ ಉಭಯವಾಸಿ ಎಂದಿದೆ, ಮಕ್ಕಳಿಗೆ ಗೊತ್ತು.

ಯಾದಗಿರಿಯಿಂದ:
ಗೊತ್ತಲ್ಲ, ಬಾಯಿಪಾಠ.

ಕಲಬುರಗಿಯಿಂದ, ಇನ್ನೊಬ್ಬರು:
ಪೇಂಟರ್‌ಗೆ ಕಾಗದದ ಮೇಲೆ ದೊಡ್ಡದಾಗಿ ಬರೆದುಕೊಡಿ: ‘ಸರೀ’ಗೆ ದೀರ್ಘ, ‘ಸೃ’ಗೆ ವಟ್ರಸುಳಿ. ಅವರು ಕ್ರಾವಡಿ (ರಕಾರದ ಒತ್ತು) ಎಳೆದು ‘ಸರಿಸ್ರಪ’ ಮಾಡಿಬಿಡುತ್ತಾರೆ. ಎರಡು ಸಾಲು ಮಾಡಿಸಿ, ಅಕ್ಷರ 4 ಇಂಚು. ಸಾಲಿನ ನಡುವೆ 3 ಇಂಚಾದರೂ ಬಿಡಿ, ಇಲ್ಲದಿದ್ದರೆ ವಟ್ರಸುಳಿ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ಯಾದಗಿರಿಯಿಂದ:
ಕನ್ನಡದ ನಾಲಿಗೆಗೆ ಋಕಾರವೇ ಇಲ್ಲ. ‘ಸರೀಸ್ರುಪ’ ಬರೆದರೆ ತಪ್ಪೇನು?

ಕಲಬುರಗಿಯಿಂದ:
ಮೇಲೆ ‘ಸರೀಸೃಪ–ಉಭಯವಾಸಿ’, ಕೆಳಗೆ ‘ಅಧ್ಯಯನ ಕೊಠಡಿ’. ವಟ್ರಸುಳಿ ಹಾಕಿಯೇ ಬರೆದುಕೊಟ್ಟೆ. ಋಕಾರದ ಜಗಳ ನೀವು ನಡೆಸ್ರಿ.