ಇಂಗ್ಲಿಷ್ ಪ್ರಬಂಧಕ್ಕೆ ಎಂಥ ಪದ ಕಲಿಯಬೇಕು? ನಿಮ್ಮ ಅನುಭವ ಹೇಳಿ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವಳು. ಪಿಯುಸಿವರೆಗೂ ಕನ್ನಡ ಮಾಧ್ಯಮ, ಈಗ ಶಿವಮೊಗ್ಗದಲ್ಲಿ ಬಿ.ಎ. ಇಂಗ್ಲಿಷ್ ಅಸೈನ್‌ಮೆಂಟ್ ವಾಪಸ್ ಬಂದಾಗಲೆಲ್ಲ ‘ವೊಕ್ಯಾಬುಲರಿ ಸಾಲದು’ ಎಂದು ಬರೆದಿರುತ್ತಾರೆ. ಡಿಕ್ಷನರಿ ಬಾಯಿಪಾಠ ಮಾಡಬೇಕಾ?

ಸಾಗರದಿಂದ, ಇಂಗ್ಲಿಷ್ ಉಪನ್ಯಾಸಕಿ:
ಬೇಡಮ್ಮ. ದೊಡ್ಡ ಪದ ಇಲ್ಲ ಅನ್ನುವುದಕ್ಕಿಂತ, ಗೊತ್ತಿರುವ ಪದ ಯಾವುದರ ಜೊತೆ ಹೋಗುತ್ತದೆ ಎಂದು ತಿಳಿಯದೇ ಇರುವುದು ನಮ್ಮ ಮಕ್ಕಳ ದೊಡ್ಡ ಕಷ್ಟ. ‘ರಿಸರ್ಚ್’ ಎಲ್ಲರಿಗೂ ಗೊತ್ತು. ಆದರೆ ‘ಮೇಕ್ ರಿಸರ್ಚ್’ ಎಂದು ಬರೆಯುತ್ತಾರೆ. ಅಲ್ಲಿ ಬರಬೇಕಾದದ್ದು ‘ಡೂ’ ಅಥವಾ ‘ಕಂಡಕ್ಟ್’. ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡ, ಜೋಡಿಯ ಸಮೇತ ಬರೆದುಕೋ.

ಇನ್ನು ಕ್ರಿಯಾಪದ. ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಬರೆಯುತ್ತಿದ್ದೀಯ ಅಂದುಕೋ. ನಾಲ್ಕು ತೋಟ ನೋಡಿದೆ, ಮಳೆ ಜಾಸ್ತಿ ಇದ್ದಲ್ಲಿ ರೋಗವೂ ಜಾಸ್ತಿ ಕಂಡಿತು. ಅಷ್ಟಕ್ಕೇ ‘ಪ್ರೂವ್ಸ್’ (ಸಾಬೀತು ಮಾಡುತ್ತದೆ) ಅನ್ನಬಾರದು, ‘ಸಜೆಸ್ಟ್ಸ್’ (ಸೂಚಿಸುತ್ತದೆ) ಸಾಕು. ಬೇರೆಯವರ ಅಭಿಪ್ರಾಯ ಹೇಳುವಾಗಲೂ ಎಲ್ಲದಕ್ಕೂ ‘ಸೇಸ್’ ಬೇಡ. ವಾದ ಮಾಡಿದ್ದರೆ ‘ಆರ್ಗ್ಯೂಸ್’, ಸುಮ್ನೆ ಗಮನಿಸಿ ಹೇಳಿದ್ದರೆ ‘ನೋಟ್ಸ್’. ಇದು ಅಲಂಕಾರ ಅಲ್ಲ. ನೀನು ಓದಿದ್ದನ್ನು ಎಷ್ಟು ಅರ್ಥ ಮಾಡಿಕೊಂಡಿದ್ದೀಯ ಎಂದು ತಿದ್ದುವವರಿಗೆ ಅಲ್ಲೇ ಗೊತ್ತಾಗುತ್ತದೆ.

ಶಂಕರಘಟ್ಟದಿಂದ, ಎಂ.ಎ. ವಿದ್ಯಾರ್ಥಿ:
ಮೇಡಂ ಹೇಳಿದ್ದು ನಿಜ. ಪಟ್ಟಿ ಬೇಕೇ ಬೇಕು ಅಂದ್ರೆ ‘ಅಕಾಡೆಮಿಕ್ ವರ್ಡ್ ಲಿಸ್ಟ್’ ನೋಡಿ. ನ್ಯೂಜಿಲೆಂಡಿನ ಆವ್ರಿಲ್ ಕಾಕ್ಸ್‌ಹೆಡ್ 2000ರಲ್ಲಿ ಪ್ರಕಟಿಸಿದ್ದು. ಅತಿ ಸಾಮಾನ್ಯವಾದ ಸುಮಾರು 2,000 ಪದ ಬಿಟ್ಟು, ಕಲೆ, ವಾಣಿಜ್ಯ, ಕಾನೂನು, ವಿಜ್ಞಾನ ಎಲ್ಲದರಲ್ಲೂ ಮತ್ತೆ ಮತ್ತೆ ಬರುವ 570 ಪದ ಕುಟುಂಬಗಳನ್ನು (ಒಂದೇ ಮೂಲ ಪದದಿಂದ ಬಂದ ಪದಗಳ ಗುಂಪು) ಆರಿಸಿದ್ದಾರೆ. ಅವರು ನೋಡಿದ ಪಠ್ಯಗಳಲ್ಲಿ ನೂರಕ್ಕೆ ಸುಮಾರು ಹತ್ತು ಪದ ಈ ಪಟ್ಟಿಯವೇ! ಪಟ್ಟಿಯಲ್ಲಿ 10 ಭಾಗಗಳಿವೆ. ಮೊದಲ ಭಾಗದ 60 ಕುಟುಂಬಗಳು ಅತಿ ಹೆಚ್ಚು ಬಳಕೆಯವು, ಅಲ್ಲಿಂದ ಶುರು ಮಾಡಿ. ‘ಅನಲೈಜ್’ ಕಲಿತರೆ ‘ಅನಲಿಸಿಸ್’, ‘ಅನಲಿಟಿಕಲ್’ ಕೂಡ ಕಲಿತ ಹಾಗೇ ಅಲ್ವಾ?

ಹೊಸನಗರದಿಂದ, ಐಇಎಲ್‌ಟಿಎಸ್ ಬರೆದವರು:
ಐಇಎಲ್‌ಟಿಎಸ್ ಅಂದ್ರೆ ವಿದೇಶಕ್ಕೆ ಓದಲು, ಕೆಲಸಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ. ಅಲ್ಲಿ ಬರವಣಿಗೆಯ ಅಂಕದಲ್ಲಿ ಕಾಲು ಭಾಗ ಪದಬಳಕೆಗೆ. ನಾನು ಹೊಸ ಪದ ಸಿಕ್ಕಿದ ದಿನವೇ ಗೊತ್ತಿರುವ ವಿಷಯದ ಮೇಲೆ ಒಂದು ವಾಕ್ಯ ಬರೆಯುತ್ತಿದ್ದೆ. ಶರಾವತಿ ಹಿನ್ನೀರು, ಕಾಡಾನೆ, ಭತ್ತದ ಗದ್ದೆ, ಯಾವುದಾದರೂ ಸರಿ. ಆಮೇಲೆ ಮೇಡಂ ಹೇಳಿದ ಜೋಡಿ ಸರಿ ಇದೆಯಾ ಎಂದು ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿಯಲ್ಲಿ ನೋಡುವುದು. ಮೊಬೈಲಿನಲ್ಲೇ ಉಚಿತವಾಗಿ ಸಿಗುತ್ತದೆ, ಉದಾಹರಣೆ ವಾಕ್ಯಗಳೂ ಇರುತ್ತವೆ.